ನಾಲ್ಕೇ ವರ್ಷಕ್ಕೆ ‘ಹಳೇ ಹಾಡು’ ಆಗಿಬಿಟ್ಟ ಡೂ-ವಾಪ್

1996ರಲ್ಲಿ ನ್ಯೂಜೆರ್ಸಿಗೆ ಬಂದ ಹೊಸದರಲ್ಲಿ ತಗೊಂಡ ಸೆಕೆಂಡ್ ಹ್ಯಾಂಡ್ ಕಾರಲ್ಲಿ ಕ್ಯಾಸೆಟ್ ಪ್ಲೇಯರ್ ಕೆಟ್ಟು ಕೂತಿತ್ತು. ಊರಿಂದ ಸೂಟ್‌ಕೇಸಲ್ಲಿ ತುರುಕ್ಕೊಂಡು ತಂದಿದ್ದ ಭಾವಗೀತೆ ಕ್ಯಾಸೆಟ್‌ಗಳೆಲ್ಲ ಚಪ್ಪಲಿ ಡಬ್ಬದಲ್ಲೇ ಉಳಿದ್ವು, ಕೇಳೋಕೆ ಇದ್ದಿದ್ದು ರೇಡಿಯೋ ಒಂದೇ. ಒಂದು ಭಾನುವಾರ ರಾತ್ರಿ ಎಡಿಸನ್‌ನಲ್ಲಿ ತಿಂಗಳ ದಿನಸಿ ತಗೊಂಡು ವಾಪಸ್ ಬರ್ತಾ ಸ್ಟೇಷನ್ ತಿರುಗಿಸ್ತಾ ಇದ್ದೆ, 101.1 ಹತ್ರ ಒಂದು ಹಾಡು ಸಿಕ್ತು. ಒಬ್ಬ ಹುಡುಗ ಕರುಳು ಕಿತ್ತು ಬರೋ ಹಾಗೆ ಹಾಡ್ತಿದ್ದಾನೆ, ಅವನ ಹಿಂದೆ ಎರಡು ಮೂರು ಜನ ನಿಂತ್ಕೊಂಡು ‘ಶೂ-ಡೂ, ಶೂಬಿ-ಡೂ’ ಅಂತ ಬಿಟ್ಟೂ ಬಿಡದೆ ಹೇಳ್ತಿದಾರೆ. ಪಕ್ಕದಲ್ಲಿ ಅಕ್ಕಿ ಚೀಲ ಕಾಲಿಗೆ ಒತ್ತಿಕೊಂಡು ಕೂತಿದ್ದ ನನ್ನ ಹೆಂಡ್ತಿ “ಇದೇನ್ರೀ, ಒಬ್ಬ ಅಳ್ತಾನೆ, ಮಿಕ್ಕೋರು ಮಗು ತಟ್ಟಿ ಮಲಗಿಸ್ತಿದಾರೆ?” ಅಂದ್ಲು. ಈ ಸಂಗೀತದ ಬಗ್ಗೆ ಅದಕ್ಕಿಂತ ಸರಿಯಾದ ವಿಮರ್ಶೆ ನಾನು ಆಮೇಲೆ ಎಲ್ಲೂ ಓದಿಲ್ಲ.

ಆ ಹಾಡು ಫೈವ್ ಸ್ಯಾಟಿನ್ಸ್ ಅನ್ನೋ ಗುಂಪಿನ ‘ಇನ್ ದಿ ಸ್ಟಿಲ್ ಆಫ್ ದಿ ನೈಟ್’, ಆ ಬಗೆಯ ಹಾಡಿಗೆ ಡೂ-ವಾಪ್ ಅಂತಾರೆ, ಆ ಸ್ಟೇಷನ್ ಹಳೇ ಹಾಡು ಮಾತ್ರ ಹಾಕೋ ‘ಓಲ್ಡೀಸ್’ ಸ್ಟೇಷನ್ ಅನ್ನೋದೆಲ್ಲ ಗೊತ್ತಾಗಿದ್ದು ನಿಧಾನಕ್ಕೆ. ಹೆಚ್ಚುಕಮ್ಮಿ ಮೂವತ್ತು ವರ್ಷದಿಂದ ಇದೊಂದು ಹುಚ್ಚು ಬಿಟ್ಟಿಲ್ಲ. ಯಾರಾದ್ರೂ ಕೇಳಿದ್ರೆ “ಹಳೇ ಅಮೆರಿಕನ್ ಲವ್ ಸಾಂಗ್ಸ್” ಅಂತ ಹೇಳಿ ಮುಗಿಸಿಬಿಡ್ತಿದ್ದೆ, ಈ ಸಲ ಸರಿಯಾಗಿ ಬಿಡಿಸಿ ಹೇಳೋಣ ಅನ್ನಿಸ್ತು, ಯಾಕಂದ್ರೆ ಇದರಲ್ಲಿ ಎರಡು ಕತೆ ಹೆಣೆದುಕೊಂಡಿವೆ. ಹಾಡು ಹೇಗೆ ಕೆಲಸ ಮಾಡುತ್ತೆ ಅನ್ನೋದು ಒಂದು. ಹಾಡಿಗೆ ವಯಸ್ಸಾಗೋದು ಹೇಗೆ, ಅದನ್ನ ತೀರ್ಮಾನ ಮಾಡೋರು ಯಾರು ಅನ್ನೋದು ಇನ್ನೊಂದು.

1940ರ ದಶಕದ ಕೊನೆಯಿಂದ 60ರ ದಶಕದ ಶುರುವಿನ ತನಕ ನ್ಯೂಯಾರ್ಕ್, ಬಾಲ್ಟಿಮೋರ್, ಫಿಲಡೆಲ್ಫಿಯಾ, ಶಿಕಾಗೋ, ಲಾಸ್ ಏಂಜಲೀಸ್ ಥರದ ಊರುಗಳ ಕರಿಯರ ಕೇರಿಗಳಲ್ಲಿ ಹೈಸ್ಕೂಲ್ ವಯಸ್ಸಿನ ಹುಡುಗರು ಸಂಜೆ ಹೊತ್ತು ಮೂಲೆ ಅಂಗಡಿ ಮುಂದೆ ಸೇರಿ ಹಾಡ್ತಿದ್ರು. ಗಿಟಾರ್, ಪಿಯಾನೋ, ಡ್ರಮ್ಸ್ ಕೊಳ್ಳೋಕೆ ದುಡ್ಡಿಲ್ಲ, ಗಂಟಲು ಪುಕ್ಕಟೆ. ಹಾಗಾಗಿ ವಾದ್ಯಗಳು ಮಾಡಬೇಕಾದ ಕೆಲಸ ಎಲ್ಲಾ ಗಂಟಲೇ ಮಾಡ್ಬೇಕು. ಅಪಾರ್ಟ್‌ಮೆಂಟ್ ಮೆಟ್ಟಿಲು, ಸಬ್‌ವೇ ಸ್ಟೇಷನ್, ಸ್ಕೂಲ್ ಟಾಯ್ಲೆಟ್, ಎಲ್ಲೆಲ್ಲಿ ಗೋಡೆ ಗಟ್ಟಿಯಾಗಿದ್ದು ದನಿ ವಾಪಸ್ ಬರುತ್ತೋ ಅಲ್ಲೆಲ್ಲ ಪ್ರಾಕ್ಟೀಸ್. ಬಚ್ಚಲುಮನೇಲಿ ಹಾಡಿದ್ರೆ ನಮಗೂ ನಾವು ದೊಡ್ಡ ಗಾಯಕರು ಅನ್ನಿಸುತ್ತಲ್ಲ, ಅದೇ ಲೆಕ್ಕ.

ಸಾಮಾನ್ಯವಾಗಿ ನಾಲ್ಕೈದು ಜನ. ಒಬ್ಬ ಲೀಡ್, ಮಾತಿರೋ ಹಾಡು ಅವನದು. ಮೇಲೆ ಒಬ್ಬ ಟೆನರ್, ಬೇಕಾದಾಗ ಫಾಲ್ಸೆಟ್ಟೋಗೆ ಏರೋನು (ನಮ್ಮ ಸಂಗೀತದ ಮೇಷ್ಟ್ರು ‘ಕಳ್ಳದನಿ ಬಿಡು’ ಅಂತ ಬಯ್ತಾರಲ್ಲ, ಇಲ್ಲಿ ಅದಕ್ಕೇ ಕೈಚಪ್ಪಾಳೆ). ನಡುವೆ ಇನ್ನೊಬ್ಬ ಟೆನರ್, ಒಬ್ಬ ಬ್ಯಾರಿಟೋನ್. ಕೆಳಗೆ, ಪಾತಾಳದಲ್ಲಿ, ಬೇಸ್ ದನಿಯವನು.

ನಮಗೆ ಗುಂಪು ಹಾಡು ಹೊಸದೇನಲ್ಲ. ಸೋಬಾನೆ ಇದೆ, ಭಜನೆ ಇದೆ, ಒಬ್ರು ಹೇಳ್ತಾರೆ ಮಿಕ್ಕೋರು ಸೊಲ್ಲು ಎತ್ತಿಕೊಳ್ತಾರೆ. ಆದ್ರೆ ನಮ್ಮಲ್ಲಿ ಐವತ್ತು ಜನ ಇದ್ರೂ ಹಾಡೋದು ಒಂದೇ ಸ್ವರ, ಹೆಂಗಸರು ಒಂದು ಸ್ಥಾಯಿ ಮೇಲೆ ಇರಬಹುದು ಅಷ್ಟೇ. ಡೂ-ವಾಪ್‌ನಲ್ಲಿ ಒಂದೇ ಕ್ಷಣಕ್ಕೆ ಒಬ್ಬೊಬ್ಬರದು ಒಂದೊಂದು ಸ್ವರ. ಮನೇಲಿ ಹಾರ್ಮೋನಿಯಂ ಇದ್ರೆ, ಇಲ್ಲಾಂದ್ರೆ ಮೊಬೈಲ್ ಆ್ಯಪ್ ಇದ್ರೂ ಸಾಕು, ಈಗಲೇ ಮಾಡಿ ನೋಡಿ. ಶಂಕರಾಭರಣದ ಸ್ವರಗಳನ್ನೇ ಇಟ್ಕೊಳ್ಳಿ. ಸ-ಗ-ಪ ಮೂರೂ ಒಟ್ಟಿಗೆ ಒತ್ತಿ ನಾಲ್ಕು ಎಣಿಸಿ. ಆಮೇಲೆ ಸ-ಗ-ಧ, ನಾಲ್ಕು ಎಣಿಕೆ. ಆಮೇಲೆ ಸ-ಮ-ಧ. ಕೊನೇಲಿ ನಿ-ರಿ-ಪ, ಇಲ್ಲಿ ನಿ ಮಾತ್ರ ಕೆಳಗಿನದು. ಮತ್ತೆ ಸ-ಗ-ಪ. ಇಷ್ಟೇ. ಈ ನಾಲ್ಕು ಮನೆ ಸುತ್ತೋದನ್ನ ಅಲ್ಲಿಯ ಸಂಗೀತಗಾರರು ತಮಾಷೆಗೆ ‘ಐಸ್‌ಕ್ರೀಮ್ ಚೇಂಜಸ್’ ಅಂತಾರೆ, ಡೂ-ವಾಪ್‌ನ ನಿಧಾನದ ಹಾಡುಗಳಲ್ಲಿ ಲೆಕ್ಕವಿಲ್ಲದಷ್ಟು ಇದರ ಮೇಲೇ ನಿಂತಿವೆ.

ಈಗ ಬೆರಳು ಗಮನಿಸಿ. ಮೊದಲ ಮನೆಯಿಂದ ಎರಡನೇದಕ್ಕೆ ಹೋಗುವಾಗ ಸ, ಗ ಹಿಡಿದೋರು ಹಾಗೇ ನಿಂತಿದಾರೆ, ಪ ಹಿಡಿದೋನು ಮಾತ್ರ ಒಂದು ಮೆಟ್ಟಿಲು ಹತ್ತಿ ಧ ಮುಟ್ಟಿದ. ಎರಡರಿಂದ ಮೂರಕ್ಕೆ, ಗ ಇದ್ದೋನು ಮ-ಕ್ಕೆ ಸರಿದ, ಬಾಕಿ ಇಬ್ಬರು ಅಲ್ಲಾಡಿಲ್ಲ. ಆದ್ರೂ ಕಿವಿಗೆ ಇಡೀ ಮನೆಯ ಬಣ್ಣ ಬದಲಾದಂಗೆ ಅನ್ನಿಸುತ್ತೆ, ಎರಡನೇ ಮನೇಲಿ ಒಂದು ಮೋಡ ಬಂದು ಹೋದಂಗಾಗುತ್ತೆ. ನಾಲ್ಕನೇದರಲ್ಲಿ ಮಾತ್ರ ಎಲ್ಲರೂ ಜಾಗ ಬಿಡ್ತಾರೆ, ಆ ನಿ ಇದೆಯಲ್ಲ ಅದು ವಾಪಸ್ ಸ-ಗೆ ಹೋಗೋಕೆ ತವಕಿಸ್ತಾ ನಿಂತಿರುತ್ತೆ, ಹೋಗದೆ ಇದ್ರೆ ಸೀನು ಬಂದು ನಿಂತಂಗೆ. ಸ್ಟಾಫ್ ನೊಟೇಶನ್ ಓದೋಕೆ ಬಾರದ ಹದಿನೈದು ವರ್ಷದ ಹುಡುಗರು ಬರೀ ಕಿವಿಯಿಂದ ಇದನ್ನ ಕಲಿಯೋಕೆ ಆಗಿದ್ದೇ ಈ ಕಾರಣಕ್ಕೆ, ಒಬ್ಬೊಬ್ಬನ ಪಾಲಿಗೆ ಬಂದಿದ್ದು ಒಂದೆರಡು ಹೆಜ್ಜೆ ಅಷ್ಟೇ.

ಸುಲಭ ಅಂತ ಅಂದ್ಕೋಬೇಡಿ ಮತ್ತೆ. ಒಂದು ವರ್ಷ ಕನ್ನಡ ಕೂಟದ ನಾಟಕದ ರಿಹರ್ಸಲ್ ಮುಗಿದ ಮೇಲೆ ನಾವು ನಾಲ್ಕು ಜನ ಗರಾಜಲ್ಲಿ ಇದನ್ನ ಟ್ರೈ ಮಾಡಿದ್ವಿ. ಒಬ್ಬೊಬ್ಬರಿಗೆ ಒಂದೊಂದು ಸ್ವರ ಹಂಚಿ ಆಯ್ತು, ಮೊದಲ ಸುತ್ತು ಪರವಾಗಿಲ್ಲ, ಎರಡನೇ ಸುತ್ತಿಗೆ ಬರೋಷ್ಟರಲ್ಲಿ ಒಬ್ಬೊಬ್ಬರಾಗಿ ಜಾರಿ ಎಲ್ಲರೂ ಲೀಡ್ ಹಾಡ್ತಿರೋ ಟ್ಯೂನಿಗೇ ಬಂದು ನಿಂತಿದ್ವಿ. ಚಿಕ್ಕಂದಿನಿಂದ ‘ಜೊತೆಗೆ ಸೇರ್ಕೊಂಡು ಹಾಡು’ ಅಂತ ತಿದ್ದಿಸಿಕೊಂಡ ಕಿವಿ, ಪಕ್ಕದವನು ಬೇರೆ ಸ್ವರ ಹಾಡಿದ್ರೆ ನಾನೇ ತಪ್ಪು ಅಂದ್ಕೊಂಡು ಅವನ ಕಡೆ ಓಡುತ್ತೆ. ಇಡ್ಲಿ ಆರಿ ಹೋಗ್ತಿದೆ ಅಂತ ಒಳಗಿಂದ ಕೂಗಿದ್ರು, ಅಲ್ಲಿಗೆ ನಮ್ಮ ಗುಂಪು ವಿಸರ್ಜನೆ.

ಇನ್ನು ಆ ಅರ್ಥವಿಲ್ಲದ ಶಬ್ದಗಳು. ಕೇಳೋರಿಗೆ ಮೊದಲು ನಗು ಬರೋದೇ ಅಲ್ಲಿ. ಆದ್ರೆ ನಮಗೆ ನಗೋಕೆ ಏನು ಹಕ್ಕಿದೆ ಹೇಳಿ, ‘ತಂದಾನ ತಾನೋ’ ಇಲ್ಲದೆ ನಮ್ಮ ಜನಪದ ಇಲ್ಲ, ಕೊನ್ನಕ್ಕೋಲಲ್ಲಿ ‘ತಕಧಿಮಿ’ ಅಂತ ಬಾಯಲ್ಲೇ ಮೃದಂಗ ನುಡಿಸ್ತಾರೆ. ಡೂ-ವಾಪ್‌ನಲ್ಲೂ ಅದೇ ಲೆಕ್ಕಾಚಾರ. ಹಿಂದಿನವರು ಅರ್ಥ ಇರೋ ಮಾತು ಹಾಡಿದ್ರೆ ಲೀಡ್‌ನ ಮಾತಿಗೆ ಅಡ್ಡ ಬರುತ್ತೆ, ಕಿವಿ ಯಾರನ್ನ ಕೇಳ್ಬೇಕು ಅಂತ ಒದ್ದಾಡುತ್ತೆ. ಅರ್ಥ ತೆಗೆದುಬಿಟ್ರೆ ಉಳಿಯೋದು ಬರೀ ನಾದ, ಆ ನಾದಕ್ಕೆ ಯಾವ ಅಕ್ಷರ ಹಾಕ್ತೀರೋ ಆ ವಾದ್ಯ ಬರುತ್ತೆ. ‘ಬೊಂ’ ಅಂದ್ರೆ ದೊಡ್ಡ ಬೇಸ್ ಪಿಟೀಲನ್ನ ಬೆರಳಲ್ಲಿ ಮೀಟಿದಂಗೆ, ‘ಡಿಪ್-ಡಿಪ್’ ಅಂದ್ರೆ ಡ್ರಮ್ಮಿನ ಅಂಚು, ‘ವಾ’ ಅಂತ ಬಾಯಿ ಅಗಲಿಸಿದ್ರೆ ಟ್ರಂಪೆಟ್ ಬಾಯಿಗೆ ಹಿಡಿದ ಮುಚ್ಚಳ ತೆಗೆದಂಗೆ. ಶಿಕಾಗೋದಲ್ಲಿ ರೆಕಾರ್ಡ್ ಮಾಡಿದ ಮೂನ್‌ಗ್ಲೋಸ್ ಗುಂಪಿನವರು ‘ಊ’ ಅನ್ನೋದನ್ನೂ ಸುಮ್ನೆ ಬಿಡಲಿಲ್ಲ, ಮೈಕಿಗೆ ಉಸಿರು ಊದಿ ‘ಹ್ವೂ’ ಅಂತ ಶುರು ಮಾಡೋರು, ಅದಕ್ಕೆ ಬ್ಲೋ ಹಾರ್ಮನಿ ಅಂತಲೇ ಹೆಸರು ಬಿತ್ತು. 1954ರ ‘ಸಿನ್ಸಿಯರ್ಲಿ’ ಕೇಳಿದ್ರೆ ಗೊತ್ತಾಗುತ್ತೆ, ಕೊಳಲಿಗೆ ಗಾಳಿ ತುಂಬೋ ಸದ್ದು. (ಇದೇ ಗುಂಪಿನ ಹಾರ್ವಿ ಫುಕ್ವಾ ಮುಂದೆ ಹೊಸ ಹುಡುಗರನ್ನ ಸೇರಿಸಿಕೊಂಡಾಗ ಅವರಲ್ಲಿ ಒಬ್ಬ, ಆಮೇಲೆ ದೊಡ್ಡ ಗಾಯಕನಾದ ಮಾರ್ವಿನ್ ಗೇ.)

ತಮಾಷೆ ಏನಂದ್ರೆ ಆ ಹುಡುಗರು ಹಾಡ್ತಿದ್ದಾಗ ಯಾರೂ ಇದನ್ನ ಡೂ-ವಾಪ್ ಅಂತ ಕರೀತಿರಲಿಲ್ಲ. ರಿದಮ್ ಅಂಡ್ ಬ್ಲೂಸ್ ಅನ್ನೋರು, ಗ್ರೂಪ್ ಹಾರ್ಮನಿ ಅನ್ನೋರು. ಹೆಸರು ಬಾಯಿಗೆ ಹತ್ತಿದ್ದು 60ರ ದಶಕದಲ್ಲಿ, ಹೆಚ್ಚುಕಮ್ಮಿ ಅದರ ಕಾಲ ಮುಗಿಯೋ ಹೊತ್ತಿಗೆ. ಅದು ನೆನಪಿರಲಿ, ಮುಂದೆ ಬೇಕಾಗುತ್ತೆ.

ಇತಿಹಾಸ ಪೂರ್ತಿ ಹೇಳೋಕೆ ಹೋಗಲ್ಲ. 30ರ, 40ರ ದಶಕದ ಮಿಲ್ಸ್ ಬ್ರದರ್ಸ್, ಇಂಕ್ ಸ್ಪಾಟ್ಸ್ ಇವರ ಅಜ್ಜಂದಿರು. 1948ರಲ್ಲಿ ಬಾಲ್ಟಿಮೋರ್‌ನ ಓರಿಯೋಲ್ಸ್ ಒಂದು ಹಾಡು ಗೆಲ್ಲಿಸಿದ್ರು, ಅಲ್ಲಿಂದ ಮುಂದೆ ಹೆಸರೆಲ್ಲ ಹಕ್ಕಿಗಳದ್ದೇ: ರೇವನ್ಸ್ ಆಗಲೇ ಇದ್ರು, ಆಮೇಲೆ ಕ್ರೋಸ್, ಪೆಂಗ್ವಿನ್ಸ್, ಫ್ಲೆಮಿಂಗೋಸ್, ಸ್ವಾಲೋಸ್, ಕಾರ್ಡಿನಲ್ಸ್, ಪಕ್ಷಿಧಾಮವೇ ಸೈ. 1954ರಲ್ಲಿ ಕಾರ್ಡ್ಸ್ ಗುಂಪಿನ ‘ಶ್-ಬೂಮ್’ ಬಿಳಿಯರ ಮನೆ ರೇಡಿಯೋಗೂ ನುಗ್ತು, ನುಗ್ಗಿದ ಬೆನ್ನಿಗೇ ಕ್ರೂ-ಕಟ್ಸ್ ಅನ್ನೋ ಕೆನಡಾದ ಬಿಳಿ ಹುಡುಗರ ಗುಂಪು ಅದೇ ಹಾಡನ್ನ ಇಸ್ತ್ರಿ ಹೊಡೆದು ಹಾಡಿ 9 ವಾರ ನಂಬರ್ ಒನ್ ಆಯ್ತು. ಹೀಗೆ ಕರಿಯರ ಹಾಡನ್ನ ಬಿಳಿಯರಿಂದ ಹಾಡಿಸಿ ಮಾರೋದು ಆಗ ಮಾಮೂಲಿ ವ್ಯಾಪಾರ. ಎರಡನ್ನೂ ಒಂದಾದ ಮೇಲೊಂದು ಕೇಳಿ, ನನ್ನ ಅಭಿಪ್ರಾಯ ನಾನು ಹೇಳಲ್ಲ, ಹೇಳಿದ್ರೆ ಬೈಗುಳ ಆಗುತ್ತೆ. 50ರ ದಶಕದ ಕೊನೆಗೆ ಬ್ರಾಂಕ್ಸ್‌ನ ಇಟಾಲಿಯನ್ ಹುಡುಗರೂ ಸ್ವಂತವಾಗಿ ಇದಕ್ಕೆ ಇಳಿದ್ರು, ಡಿಯಾನ್ ಅಂಡ್ ದಿ ಬೆಲ್ಮಾಂಟ್ಸ್ ಗುಂಪಿನ ಹೆಸರು ಅಲ್ಲಿಯ ಬೆಲ್ಮಾಂಟ್ ಅವೆನ್ಯೂ ರಸ್ತೆಯದ್ದು. ಅದೇ ಬ್ರಾಂಕ್ಸ್‌ನ ಒಂದು ಕ್ಯಾಥೊಲಿಕ್ ಸ್ಕೂಲಿನ ಹುಡುಗೀರು ಚಾಂಟೆಲ್ಸ್. ಆರ್ಲೀನ್ ಸ್ಮಿತ್ ಹಾಡಿರೋ ‘ಮೇಬಿ’ ಕೇಳಿದ್ರೆ ಇವತ್ತೂ ನಾನು ಕಾರು ಪಾರ್ಕ್ ಮಾಡಿ ಇಂಜಿನ್ ಆಫ್ ಮಾಡದೆ ಕೂತ್ಕೊಳ್ತೀನಿ.

ರೆಕಾರ್ಡಿಂಗ್ ಎಷ್ಟು ಬಡತನದಲ್ಲಿ ನಡೀತಿತ್ತು ಅಂದ್ರೆ, ಪೆಂಗ್ವಿನ್ಸ್‌ನ ‘ಅರ್ತ್ ಏಂಜೆಲ್’ ಲಾಸ್ ಏಂಜಲೀಸ್‌ನ ಒಂದು ಮನೆಯ ಗರಾಜಲ್ಲಿ ಆಗಿದ್ದು, ಪಕ್ಕದ ಮನೆ ನಾಯಿ ಬೊಗಳಿದಾಗೆಲ್ಲ ನಿಲ್ಲಿಸಿ ಮತ್ತೆ ಮೊದಲಿಂದ ಹಾಡೋರಂತೆ. ನಾನು ಕಾರಲ್ಲಿ ಕೇಳಿದ ಆ ಮೊದಲ ಹಾಡು 1956ರಲ್ಲಿ ಕನೆಟಿಕಟ್‌ನ ನ್ಯೂ ಹೇವನ್‌ನಲ್ಲಿ ಸೇಂಟ್ ಬರ್ನಡೆಟ್ ಚರ್ಚಿನ ನೆಲಮಾಳಿಗೇಲಿ ರೆಕಾರ್ಡ್ ಆಗಿದ್ದು. ಬರೆದು ಹಾಡಿದ ಫ್ರೆಡ್ ಪ್ಯಾರಿಸ್ ಆಗ ಸೈನ್ಯದಲ್ಲಿದ್ದ ಹುಡುಗ. ಗುಂಪಿನ ಹೆಸರು ಫೈವ್ ಸ್ಯಾಟಿನ್ಸ್, ಅವತ್ತು ಹಾಡಿದ್ದು ನಾಲ್ಕೇ ಜನ. ಹಾಡಿನಲ್ಲಿ ಏನೋ ಒಂಥರಾ ದೂರದಿಂದ, ಬಾವಿ ತಳದಿಂದ ಬಂದಂಗಿದೆಯಲ್ಲ, ಅದು ಆ ಕೋಣೆಯ ಗೋಡೆಗಳ ಪಾಲು. ರೆಕಾರ್ಡಿನಲ್ಲಿ ಅದು ಮುಖ್ಯ ಹಾಡೂ ಆಗಿರಲಿಲ್ಲ, ಹಿಂದಿನ ಮಗ್ಗುಲಿನದು. ಆ ವರ್ಷ ಪಾಪ್ ಚಾರ್ಟಲ್ಲಿ 24ನೇ ಜಾಗದ ತನಕ ಬಂದು ಇಳೀತು. ಮಾಮೂಲಿ ಲೆಕ್ಕದಲ್ಲಿ ಆ ಹಾಡಿನ ಆಯಸ್ಸು ಅಲ್ಲಿಗೆ ಮುಗೀತು.

ಮುಗೀಲಿಲ್ಲ, ಯಾಕೆ ಅನ್ನೋದು ಎರಡನೇ ಕತೆ.

ಪಾಪ್ ರೇಡಿಯೋಗೆ ಆಗ ಹಳೇದು ಅನ್ನೋ ಖಾನೆಯೇ ಇರಲಿಲ್ಲ. ಹೊಸ ಹಾಡು ಬರುತ್ತೆ, ನಾಲ್ಕು ವಾರ ಕುಣಿಯುತ್ತೆ, ಹೋಗುತ್ತೆ. ಲಾಸ್ ಏಂಜಲೀಸ್‌ನಲ್ಲಿ ಆರ್ಟ್ ಲಾಬೋ ಅನ್ನೋ ರೇಡಿಯೋ ಡಿಜೆ ಒಂದು ಡ್ರೈವ್-ಇನ್ ಹೋಟೆಲ್ ಅಂಗಳದಿಂದಲೇ ಲೈವ್ ಕಾರ್ಯಕ್ರಮ ಮಾಡ್ತಿದ್ದ, ಹುಡುಗರು ಕಾರಲ್ಲಿ ಬಂದು ಬರ್ಗರ್ ತಿಂತಾ ‘ಈ ಹಾಡು ಹಾಕಿ, ಇಂಥವಳಿಗೆ ಅಂತ ಹೇಳಿ’ ಅಂತ ಕೋರಿಕೆ ಕೊಡೋರು. ಅವರು ಕೇಳ್ತಿದ್ದ ಹಾಡಲ್ಲಿ ಎಷ್ಟೋ ಮೂರು ನಾಲ್ಕು ವರ್ಷದ ಹಿಂದಿನವು, ಅಂಗಡೀಲಿ ಸಿಗದೇ ಇರೋವು. ಹದಿನೆಂಟರ ಹುಡುಗನಿಗೆ ಹದಿನಾಲ್ಕರಲ್ಲಿ ಕೇಳಿದ ಹಾಡು ಅಂದ್ರೆ ಪೂರ್ವಜನ್ಮ ಇದ್ದಂಗೆ ತಾನೇ. ಲಾಬೋ ಅದನ್ನ ಗಮನಿಸಿ 1959ರಲ್ಲಿ ಬೇರೆ ಬೇರೆ ಕಂಪನಿಗಳ ಹಾಡುಗಳನ್ನ ಒಂದೇ ಎಲ್‌ಪಿಗೆ ಸೇರಿಸಿ ‘ಓಲ್ಡೀಸ್ ಬಟ್ ಗುಡೀಸ್’ ಅಂತ ಬಿಟ್ಟ, ಹಳೇದಾದ್ರೂ ಒಳ್ಳೇದು ಅಂತ. ‘ಅರ್ತ್ ಏಂಜೆಲ್’ ಅದರಲ್ಲಿತ್ತು, ಚರ್ಚಿನ ನೆಲಮಾಳಿಗೆಯ ಹಾಡೂ ಇತ್ತು, ಅದಕ್ಕಾಗ ಮೂರೇ ವರ್ಷ! ಎಲ್‌ಪಿ ಮೂರು ವರ್ಷಕ್ಕಿಂತ ಹೆಚ್ಚು ಚಾರ್ಟಲ್ಲಿ ಕೂತಿತ್ತು. ಸತ್ತಿದ್ದ ‘ಇನ್ ದಿ ಸ್ಟಿಲ್ ಆಫ್ ದಿ ನೈಟ್’ 1960ರಲ್ಲಿ, 61ರಲ್ಲಿ ಮತ್ತೆ ಚಾರ್ಟಿಗೆ ಬಂತು.

ಅದೇ ಹೊತ್ತಿಗೆ ನ್ಯೂಯಾರ್ಕಲ್ಲಿ ಟೈಮ್ಸ್ ಸ್ಕ್ವೇರ್ ಸಬ್‌ವೇ ಒಳಗೆ ಸ್ಲಿಮ್ ರೋಸ್ ಅನ್ನೋನ ಸಣ್ಣ ರೆಕಾರ್ಡ್ ಅಂಗಡಿ. ಸಿಗದೇ ಇರೋ ರೆಕಾರ್ಡುಗಳ ಪಟ್ಟಿ ಗೋಡೆಗೆ ಹಾಕಿ, ತಂದುಕೊಟ್ಟೋರಿಗೆ ಇಷ್ಟು ಅಂತ ಲೆಕ್ಕ ಹಿಡೀತಿದ್ದ. ಸ್ಕೂಲ್ ಹುಡುಗರು ಹಳೇ ಸಾಮಾನಿನ ಅಂಗಡಿ ಎಲ್ಲಾ ಜಾಲಾಡೋಕೆ ಶುರು ಮಾಡಿದ್ರು. ಕ್ವೀನ್ಸ್‌ನ ಕ್ಯಾಪ್ರಿಸ್ ಗುಂಪು 1958ರಲ್ಲಿ ಒಂದು ಹಾಡು ಮಾಡಿ, ಯಾರೂ ಕೊಳ್ಳದೆ, ಗುಂಪೇ ಚೆದುರಿ ಹೋಗಿತ್ತು. ಆ ರೆಕಾರ್ಡಿಗೆ ಈ ಅಂಗಡಿ ಸುತ್ತಮುತ್ತ ಬೇಡಿಕೆ ಹುಟ್ಟಿ, ಮತ್ತೆ ಅಚ್ಚಾಗಿ, 1961ರಲ್ಲಿ ದೇಶಕ್ಕೇ ನಂಬರ್ 3 ಆಯ್ತು, ಹುಡುಗರು ಮತ್ತೆ ಒಟ್ಟಾಗಬೇಕಾಯ್ತು. ಅಂದ್ರೆ ಮೊದಲು ಈ ಹಾಡುಗಳಿಗೆ ಹಳೇದು ಅಂತ ಪಟ್ಟ ಸಿಕ್ತು, ಡೂ-ವಾಪ್ ಅನ್ನೋ ಹೆಸರು ಊರೆಲ್ಲ ಹರಡಿದ್ದು ಅದರ ಹಿಂದೆ. ನೆನಪು ಅನ್ನೋದೇ ಒಂದು ಮಾರೋ ಸಾಮಾನು ಅಂತ ರೇಡಿಯೋಗೆ ತಿಳಿದಿದ್ದು ಇಲ್ಲೇ.

1964ರಲ್ಲಿ ಬೀಟಲ್ಸ್ ಬಂದ ಮೇಲೆ ಬೀದಿ ಮೂಲೆ ಖಾಲಿ ಆಯ್ತು, ಗಿಟಾರ್ ಎಲ್ಲರ ಕೈಗೂ ಬಂತು. 1972ರಲ್ಲಿ ನ್ಯೂಯಾರ್ಕಿನ ಡಬ್ಲ್ಯೂಸಿಬಿಎಸ್-ಎಫ್‌ಎಂ, ನನ್ನ 101.1, ಪೂರ್ತಿ ಓಲ್ಡೀಸ್‌ಗೆ ತಿರುಗಿತು. ಅಲ್ಲಿ ಡಾನ್ ಕೆ. ರೀಡ್ 1975ರಿಂದ 2002ರ ತನಕ ಭಾನುವಾರ ರಾತ್ರಿ ‘ಡೂ ವಾಪ್ ಶಾಪ್’ ನಡೆಸಿದ, ನನ್ನ ದಿನಸಿ ಚೀಲಗಳ ಜೊತೆ ಬಂದ ದನಿ ಅವನದೇ. ಕೇಳುಗರ ಮತದಿಂದ ಸ್ಟೇಷನ್ ಪ್ರತಿ ವರ್ಷ 500 ಹಾಡಿನ ಪಟ್ಟಿ ಮಾಡೋದು, ಬಹುಪಾಲು ವರ್ಷ ಮೊದಲನೇ ಜಾಗ ಒಂದೇ ಹಾಡಿಗೆ. 56ರಲ್ಲಿ 24ಕ್ಕೆ ನಿಂತಿದ್ದ ಹಾಡಿಗೆ.

ಇಲ್ಲಿ ಒಂದು ಕಹಿ ವಿಷಯ ಹೇಳ್ಬೇಕು. ಅಮೆರಿಕದಲ್ಲಿ ಎಎಂ, ಎಫ್‌ಎಂ ರೇಡಿಯೋ ಹಾಡು ಹಾಕಿದ್ರೆ ದುಡ್ಡು ಹೋಗೋದು ಹಾಡು ಬರೆದು ಟ್ಯೂನ್ ಮಾಡಿದೋರಿಗೆ, ಅದರ ಪಬ್ಲಿಷರಿಗೆ. ಹಾಡಿದವರಿಗೆ ಒಂದು ಪೈಸೆ ಇಲ್ಲ, ಕಾನೂನೇ ಹಾಗೆ. ಅಂದ್ರೆ ಓಲ್ಡೀಸ್ ರೇಡಿಯೋ ಒಂದು ಹಾಡನ್ನ ನಲವತ್ತು ವರ್ಷ ಬಾರಿಸಿದ್ರೂ, ‘ಬೊಂ ಬೊಂ’ ಅಂದ ಬೇಸ್ ಹುಡುಗನಿಗೆ ಅದರಿಂದ ಏನೂ ಹುಟ್ಟಲ್ಲ. ಹಾಗಾಗಿ ರೆಕಾರ್ಡ್ ಮೇಲೆ ಬ್ರಾಕೆಟ್ಟಲ್ಲಿ ಸಣ್ಣಕ್ಷರದಲ್ಲಿ ಯಾರ ಹೆಸರಿದೆ ಅನ್ನೋದೇ ಜಮೀನಿನ ಪಹಣಿ ಇದ್ದಂಗೆ. 1956ರಲ್ಲಿ 13 ವರ್ಷದ ಫ್ರಾಂಕಿ ಲೈಮನ್ ಲೀಡ್ ಹಾಡಿದ ‘ವೈ ಡು ಫೂಲ್ಸ್ ಫಾಲ್ ಇನ್ ಲವ್’ ತಗೊಳ್ಳಿ. ಬರೆದೋರ ಹೆಸರಲ್ಲಿ ಮೊದಲು ಕಂಪನಿ ನಡೆಸ್ತಿದ್ದ ಜಾರ್ಜ್ ಗೋಲ್ಡ್ನರ್ ಸೇರ್ಕೊಂಡ, ಆಮೇಲೆ ಆ ಜಾಗಕ್ಕೆ ಅವನಿಂದ ಕಂಪನಿ ಕೊಂಡ ಮಾರಿಸ್ ಲೆವಿ ಬಂದ. ಲೈಮನ್ 1968ರಲ್ಲಿ ಹೆರಾಯಿನ್‌ನಿಂದ ಸತ್ತ, 25 ವರ್ಷಕ್ಕೆ. ಗುಂಪಿನ ಹರ್ಮನ್ ಸ್ಯಾಂಟಿಯಾಗೋ, ಜಿಮ್ಮಿ ಮರ್ಚೆಂಟ್ ಕೋರ್ಟಿಗೆ ಹೋಗಿ 1992ರಲ್ಲಿ ಹಾಡು ನಮ್ಮದೇ ಅಂತ ಗೆದ್ರು. 1996ರಲ್ಲಿ ಮೇಲಿನ ಕೋರ್ಟು ನೀವು ಕೇಳೋಕೆ ತಡ ಮಾಡಿದ್ರಿ, ಮೂರು ವರ್ಷದ ವಾಯಿದೆ ಮೀರಿದೆ ಅಂತ ಅದನ್ನ ಉರುಳಿಸಿತು. ಭಾನುವಾರ ರಾತ್ರಿ ನಾನು ಸ್ಟೀರಿಂಗ್ ಮೇಲೆ ತಾಳ ಹಾಕ್ತಾ ಕೇಳಿದ ಹಾಡುಗಳಲ್ಲಿ ಇಂಥವು ಎಷ್ಟೋ.

ಇನ್ನು ರೇಡಿಯೋದಿಂದ ಡೂ-ವಾಪ್ ಮಾಯ ಆಗಿದ್ದು ಯಾಕೆ? ಜನಕ್ಕೆ ಬೇಜಾರಾಗಿ ಅಲ್ಲ. ಅಲ್ಲಿಯ ರೇಡಿಯೋ ಬದುಕೋದು ಜಾಹೀರಾತಿಂದ, ಜಾಹೀರಾತಿನವರಿಗೆ ಬೇಕಾಗಿರೋದು 25ರಿಂದ 54 ವಯಸ್ಸಿನ ಕಿವಿ. 1956ರಲ್ಲಿ 16 ಇದ್ದ ಹುಡುಗಿ 1994ಕ್ಕೆ 54, ಅದರ ಮುಂದಿನ ವರ್ಷದಿಂದ ಅವಳು ದಿನಪೂರ್ತಿ ಕೇಳಿದ್ರೂ ಲೆಕ್ಕಕ್ಕಿಲ್ಲ. ಹಾಡು ಹಳೇದಾಯ್ತು ಅನ್ನೋ ಮಾತಿನ ಅಸಲಿ ಅರ್ಥ ಕೇಳೋರಿಗೆ ವಯಸ್ಸಾಯ್ತು ಅಂತ. ಹಾಗಾಗಿ ‘ಓಲ್ಡೀಸ್’ ಅನ್ನೋ ಕಿಟಕಿ ವರ್ಷವರ್ಷ ಮುಂದಕ್ಕೆ ಸರೀತಾ ಹೋಗುತ್ತೆ, 50ರ ದಶಕ ಉದುರುತ್ತೆ, 70 ಬರುತ್ತೆ, 80 ಬರುತ್ತೆ. ಕೊನೆಗೆ ಓಲ್ಡೀಸ್ ಅನ್ನೋ ಪದವೇ ಮುದಿ ವಾಸನೆ ಅಂತ ಕೈಬಿಟ್ಟು ‘ಕ್ಲಾಸಿಕ್ ಹಿಟ್ಸ್’ ಅಂತ ಬೋರ್ಡ್ ಬದಲಾಯ್ತು. 2005ರ ಜೂನ್‌ನಲ್ಲಿ ಒಂದು ದಿನ 101.1 ಹಾಕಿದ್ರೆ ಏನೇನೋ ಹಾಡು, ಮಾತಾಡೋರೇ ಇಲ್ಲ. ನಾನು ಕೈ ತಪ್ಪಿ ಬೇರೆ ಸ್ಟೇಷನ್ ಹಾಕಿದೀನಿ ಅಂತ ಎರಡು ಸಲ ನೋಡಿದೆ. ಕೇಳುಗರು ರಂಪ ಮಾಡಿ, 2007ರ ಜುಲೈನಲ್ಲಿ ಹಳೇ ಹೆಸರು ವಾಪಸ್ ಬಂತು, ಆದ್ರೆ ಒಳಗಿನ ಹಾಡು ಅಷ್ಟೊತ್ತಿಗೆ ಹತ್ತು ಹದಿನೈದು ವರ್ಷ ಮುಂದೆ ಹೋಗಿತ್ತು. ಈಗ ನಾನು ಕೇಳೋದು ಇಂಟರ್‌ನೆಟ್ ಸ್ಟೇಷನ್‌ಗಳಲ್ಲಿ, ಅಡುಗೆಮನೆ ಕಟ್ಟೆ ಮೇಲಿರೋ ಸಣ್ಣ ಸ್ಪೀಕರಲ್ಲಿ.

ಹೊಸದಾಗಿ ಕೇಳೋರಿಗೆ ನನ್ನದೊಂದು ಸಲಹೆ: ಒಂದೇ ಹಾಡನ್ನ ನಾಲ್ಕು ಸಲ ಕೇಳಿ. ಮೊದಲು ಬೇಸ್‌ನವನನ್ನ ಮಾತ್ರ ಹಿಂಬಾಲಿಸಿ. 1961ರ ‘ಬ್ಲೂ ಮೂನ್’, ಮಾರ್ಸೆಲ್ಸ್ ಹಾಡಿದ್ದು, ಅದಕ್ಕೆ ಒಳ್ಳೇದು, ಹಾಡು ಶುರುವಾಗೋದೇ ಅವನ ತೊದಲಿಂದ, ತಪ್ಪಿಸಿಕೊಳ್ಳೋಕೆ ಆಗಲ್ಲ. ಆಮೇಲೆ ಮೇಲಿನ ಫಾಲ್ಸೆಟ್ಟೋ. ಮೂರನೇ ಸಲ ನಡುವಿನ ಇಬ್ಬರು, ಇದು ಕಷ್ಟ, ಅವರು ಗೋಡೆಯೊಳಗಿನ ಇಟ್ಟಿಗೆ ಥರ. ಕೊನೇಲಿ ಲೀಡ್. ಫ್ಲೆಮಿಂಗೋಸ್ 1959ರಲ್ಲಿ ಹಾಡಿದ ‘ಐ ಓನ್ಲಿ ಹ್ಯಾವ್ ಐಸ್ ಫಾರ್ ಯೂ’ ಮಾತ್ರ ರಾತ್ರಿ ದೀಪ ಆರಿಸಿ ಕೇಳೋದು.

ಆರ್ಟ್ ಲಾಬೋ ಕತೆ ಅರ್ಧಕ್ಕೆ ಬಿಟ್ಟೆ. ಕ್ಯಾಲಿಫೋರ್ನಿಯಾದಲ್ಲಿ ಅವನ ಕೋರಿಕೆ ಕಾರ್ಯಕ್ರಮ ದಶಕಗಟ್ಟಲೆ ನಡೀತು, ಕೇಳೋರಲ್ಲಿ ಮೆಕ್ಸಿಕನ್-ಅಮೆರಿಕನ್ ಮನೆಗಳವರು ಬಹಳ, ಜೈಲಲ್ಲಿರೋ ಗಂಡನಿಗೆ, ಮಗನಿಗೆ ಅಂತ ಫೋನ್ ಮಾಡಿ ಹಾಡು ಕಳಿಸೋರು, ಜೈಲಿನಿಂದ ಅವರು ಕಾಗದ ಬರೆದು ಮನೆಗೆ ಕಳಿಸೋರು. 2022ರ ಅಕ್ಟೋಬರ್ 7, ಶುಕ್ರವಾರ, ಅವನು ತೀರಿಕೊಂಡ, 97 ವಯಸ್ಸು. ಕೊನೇ ಕಾರ್ಯಕ್ರಮ ಅದಕ್ಕೆ ಮುಂಚೆಯೇ ಸಿದ್ಧವಾಗಿತ್ತು, ಭಾನುವಾರ ರಾತ್ರಿ ಎಂದಿನಂತೆ ಪ್ರಸಾರ ಆಯ್ತು, ಯಾರು ಯಾರಿಗೆ ಯಾವ ಹಾಡು ಕೇಳಿದ್ರು ಅಂತ ಅವನ ದನಿಯೇ ಹೇಳ್ತಾ ಹೋಯ್ತು.